ನಾಲ್ಕನೆಯ ಪಾಠ ಬರೆದವರು

ಬೊರಿವಲಿ, ಮುಂಬಯಿ
ಭಾನುವಾರ, ೧೭ ನವೆಂಬರ್ ೧೯೭೪

ಪ್ರೀತಿಯ ತಂಗಿ ವಿನೋದಿನಿಗೆ, ತಡವಾಗಿ ಬರೆಯುತ್ತಿರುವ ಶೀಲಕ್ಕನ ಆಶೀರ್ವಾದಗಳು.

ನಿನ್ನ ಮೂರೂ ಪತ್ರ ಮುಟ್ಟಿವೆ. ಹಾಗಾಗಿ ಧಾರವಾಡದ ಕುಶಲ ನನಗೆ ಗೊತ್ತು. ಬೊರಿವಲಿಯ ಕುಶಲ ನಿನಗೆ ಗೊತ್ತಿಲ್ಲದಿದ್ದರೆ ಅದಕ್ಕೆ ಅಂಚೆ ಇಲಾಖೆಯನ್ನು ಬೈಯಬೇಡ, ನನ್ನನ್ನು ಬೈ. ಮೊದಲ ಪತ್ರದಲ್ಲಿ ನೀನು ಮುನ್ನುಡಿ ಕೇಳಿದೆ. ಎರಡನೆಯದರಲ್ಲಿ ನೆನಪು ಮಾಡಿಕೊಟ್ಟೆ. ಮೂರನೆಯದರಲ್ಲಿ ಮುನ್ನುಡಿಯ ಮಾತೇ ಇಲ್ಲ, 'ಶೀಲಕ್ಕ, ಆರಾಮ ಇದ್ದೀ ಇಲ್ಲೊ?' ಎಂದು ಒಂದೇ ಸಾಲು. ಆ ಸಾಲಿಗೆ ಹೆದರಿ ಇವತ್ತು ಬರೆಯಲು ಕೂತೆ.

ಆರಾಮ ಇದ್ದೇನೆ. ದೀಪಾವಳಿಯ ಕರಿದ ತಿಂಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ, ನಿಮ್ಮ ಭಾವನ ಹೊಟ್ಟೆ ಪೂರ್ತಿ ಕೆಟ್ಟಿದೆ. ಉಳಿದದ್ದೆಲ್ಲ ಮೊದಲಿನಂತೆಯೇ.

ಒಂದು ಮಾತು ಮೊದಲೇ ಹೇಳುತ್ತೇನೆ. ನನ್ನ ಪತ್ರ ಬಂದರೆ ನೀನು ಒಡೆದ ಕೂಡಲೇ ನಿಮ್ಮ ಅಪ್ಪನ, ಅಂದರೆ ನಮ್ಮ ಮಾಸ್ತರ, ಎದುರಿಗೆ ಗಟ್ಟಿಯಾಗಿ ಓದುತ್ತೀ ಎಂದು ನನಗೆ ಗೊತ್ತು. ಇದನ್ನು ನೀನೊಬ್ಬಳೇ ಓದು. ಮಾಸ್ತರಿಗೆ ಓದಿ ಹೇಳುವುದೋ ಬಿಡುವುದೋ ಆಮೇಲೆ ನೀನೇ ನೋಡು.

ಬರುವ ಜನವರಿಗೆ ಮಾಸ್ತರಿಗೆ ಎಪ್ಪತ್ತೈದು ತುಂಬುತ್ತದೆ. ಅವರ ಶಿಷ್ಯರೆಲ್ಲ ಸೇರಿ ಅವರ ಒಂದೇ ಒಂದು ಪುಸ್ತಕ 'ಎಳೆಯರ ಸ್ವರಪಾಠ'ವನ್ನು ಮತ್ತೆ ಅಚ್ಚು ಹಾಕಿಸುತ್ತಿದ್ದೀರಿ. ಬಹಳ ಸಂತೋಷ. ಹಳೆಯ ಶಿಷ್ಯೆ ಎಂದು ಮುನ್ನುಡಿಯನ್ನು ನನ್ನಿಂದ ಬರೆಸಬೇಕೆಂದಿರಿ. ಅದೂ ಸಂತೋಷವೇ. ಹಾಗಾದರೆ ಮೂರು ತಿಂಗಳು ಈ ಹೆಂಗಸು ಬಾಯಿ ಮುಚ್ಚಿಕೊಂಡು ಯಾಕೆ ಕೂತಳು ಎಂದು ನೀನು ಕೇಳಬೇಕು. ಅದಕ್ಕೆ ಉತ್ತರ ನನ್ನ ಡಾಕ್ಟರೇಟಿನೊಳಗೆ ಸಿಕ್ಕಿಕೊಂಡಿದೆ. ಸ್ವಲ್ಪ ಸುತ್ತಿ ಬರಬೇಕು, ಬೇಸರ ಮಾಡಿಕೊಳ್ಳಬೇಡ.

ದಹಿಸರದ ಮುನ್ಸಿಪಲ್ ಕನ್ನಡ ಶಾಲೆಯಲ್ಲಿ ಹದಿನೇಳು ವರ್ಷ ಸಾ ರೆ ಗ ಮ ಹೇಳಿಕೊಟ್ಟವಳಿಗೆ ಮುಪ್ಪಿನ ಬಾಗಿಲಲ್ಲಿ ತಾನೂ ಕಲಿಯಬೇಕೆಂಬ ಬುದ್ಧಿ ಬಂದದ್ದು ನಿನಗೆ ಗೊತ್ತು. ವಿಷಯ, ಸಣ್ಣ ಮಕ್ಕಳಿಗೆ ಹಾಡು ಕಲಿಸುವ ಬಗೆಗಳು. ನಾನು ಕನ್ನಡದಲ್ಲಿ ಎಂ.ಎ. ಮಾಡಿದವಳು. ಓದಬೇಕಾದ ಪುಸ್ತಕಗಳು ಮುಕ್ಕಾಲು ಪಾಲು ಇಂಗ್ಲಿಷಿನವು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ನಿಘಂಟು. ಮೂರನೆಯ ಕೈ ಒಂದಿದ್ದರೆ ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿಯಲು ಬರುತ್ತಿತ್ತು. ನನ್ನ ಪ್ರಾಸದ ಚಟ ನಿನಗೆ ತಿಳಿದದ್ದೇ. ಪಾಸಿನ ಹಿಂದೆ ಬರೆದುಕೊಂಡಿದ್ದೇನೆ:

ಬೊರಿವಲಿ ಬಿಟ್ಟು ಚರ್ಚಗೇಟ,
ಗಾಡೀನೂ ಲೇಟ, ಬುದ್ಧೀನೂ ಲೇಟ.

ನನ್ನ ಗೈಡ್ ಇಂದ್ರಾಬಾಯಿಯವರು ನನಗಿಂತ ಆರು ವರ್ಷಕ್ಕೆ ಚಿಕ್ಕವರು. ಬೆಳಗಾವಿಯಲ್ಲಿ ಹುಟ್ಟಿ ದಾದರದಲ್ಲಿ ಬೆಳೆದವರು. ಮನೆಯಲ್ಲಿ ಮರಾಠಿ, ಪಾಠಕ್ಕೆ ಇಂಗ್ಲಿಷ್, ಸಿಟ್ಟು ಬಂದಾಗ ಮಾತ್ರ ಬೆಳಗಾವಿಯ ಕನ್ನಡ. ನಾನು ಸೇರಿದ ಮೇಲೆ ಅವರ ಕನ್ನಡ ಬಹಳ ಸುಧಾರಿಸಿದೆ.

ಅವರು ಮೊದಲು ಒಪ್ಪಿಸಿದ ಕೆಲಸ ಪೂರ್ವಸಾಹಿತ್ಯದ ಸಮೀಕ್ಷೆ. ಇಲ್ಲಿ ಎಲ್ಲರೂ 'ರಿವ್ಯೂ' ಎನ್ನುತ್ತಾರೆ. ನಿಮ್ಮ ಅಭಿಪ್ರಾಯ ಸದ್ಯಕ್ಕೆ ಬೇಡ, ಈ ವಿಷಯದಲ್ಲಿ ಇಲ್ಲಿಯವರೆಗೆ ಯಾರು ಏನು ಹೇಳಿದ್ದಾರೆ ಅದನ್ನು ಬರೆದು ತನ್ನಿ ಎಂದರು. ಇದೇನು ಮಹಾ ಎಂದುಕೊಂಡೆ. ಗುರುಗಳ ಹೆಸರು ಹೇಳದೆ ಒಂದು ಸ್ವರ ಹಚ್ಚಿದವರಲ್ಲ ನಾವು. ಓದಿದ ಇಪ್ಪತ್ತಾರು ಜನರನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದೆ, ಹಿರಿಯರು ಮೊದಲು. ನಮ್ಮವರಿಗೆ 'ಪೂಜ್ಯ' ಹಚ್ಚಿದೆ. ಪರದೇಶದವರಿಗೆ 'ಸಾಹೇಬರು' ಹಚ್ಚಿದೆ; ಅವರಲ್ಲಿ ಇಬ್ಬರು ಹೆಂಗಸರೆಂದು ಆಮೇಲೆ ತಿಳಿಯಿತು. ಎಲ್ಲರ ತಲೆಯ ಮೇಲೆ ಪೂಜ್ಯ ಸಿದ್ದಲಿಂಗಪ್ಪ ಮಾಸ್ತರರು. ಹನ್ನೆರಡು ಹಾಳೆ.

ಇಂದ್ರಾಬಾಯಿ ಹನ್ನೆರಡನ್ನೂ ಓದಿದರು. ಓದಿ ಕನ್ನಡಕ್ಕೆ ಬಂದರು.

"ಶೀಲಾಬಾಯಿ, ಇದು ರಿವ್ಯೂ ಅಲ್ಲ, ಸತ್ಕಾರ ಸಮಾರಂಭ. ಎಲ್ಲಾರಿಗೂ ಹಾರಾ ಹಾಕೀರಿ, ಒಬ್ಬರನ್ನೂ ಮಾತಾಡಸಿಲ್ಲ."

ಅಂದು ಗಾಡಿಯಲ್ಲಿ ನಿಂತುಕೊಂಡೇ ಅದಕ್ಕೂ ಒಂದು ಕಟ್ಟಿದೆ: ಹೊಗಳಿಕೆಗೆ ಹಾಳೆ ಹನ್ನೆರಡು, ಪ್ರಶ್ನೆಗೆ ಸಾಲೂ ಇಲ್ಲ ಎರಡು.

ಎರಡನೆಯ ಸಲ ಸೊಂಟ ಕಟ್ಟಿ ಬರೆದೆ. ಪ್ರಶ್ನೆ ಬೇಕಲ್ಲವೆ, ತಗೊಳ್ಳಿ ಎಂದು ಒಬ್ಬೊಬ್ಬರಲ್ಲಿ ಎರಡೆರಡು ತಪ್ಪು ಹುಡುಕಿದೆ. ಇವರು ಮಕ್ಕಳನ್ನು ನೋಡೇ ಇಲ್ಲ, ಅವರಿಗೆ ತಾಳ ಗೊತ್ತಿಲ್ಲ, ಇನ್ನೊಬ್ಬರು ಬರೆದದ್ದು ಅವರಿಗೇ ತಿಳಿದಿಲ್ಲ. ಬಹಳ ಹಗುರಾಯಿತು ಮನಸ್ಸು. ಇಂದ್ರಾಬಾಯಿ ಮೊದಲ ನಾಲ್ಕು ಹಾಳೆ ಓದಿ ಕೆಳಗಿಟ್ಟರು. ಮೊದಲು ಸತ್ಕಾರ ಮಾಡಿದಿರಿ, ಈಗ ಚಾಳಿನ ನಳದ ಮುಂದೆ ಕೊಡ ಹಿಡಿದು ಜಗಳಕ್ಕೆ ನಿಂತಿದ್ದೀರಿ ಎಂದರು. ಆಮೇಲೆ ಮೆತ್ತಗೆ ಹೇಳಿದರು, ಜನರನ್ನು ಸಾಲಾಗಿ ನಿಲ್ಲಿಸಬೇಡಿ, ಪ್ರಶ್ನೆಗಳನ್ನು ನಿಲ್ಲಿಸಿ. ಒಂದು ಪ್ರಶ್ನೆಯ ಸುತ್ತ ಯಾರ್ಯಾರು ಕೂಡುತ್ತಾರೆ, ಯಾರ ಮುಖ ಯಾರ ಕಡೆ ಇದೆ, ಎಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ, ಅದನ್ನು ನೋಡಿ. ಆ ಸುಮ್ಮನಾದ ಜಾಗವೇ ನಿಮ್ಮದು.

ಈ ಮಾತು ನನಗೆ ತಲೆಗೆ ಹೋಗಿದ್ದು ಮೇ ತಿಂಗಳ ರೈಲು ಮುಷ್ಕರದಲ್ಲಿ. ಗಾಡಿ ಇಲ್ಲ, ಲೈಬ್ರರಿ ಇಲ್ಲ, ನಿಮ್ಮ ಭಾವನಿಗೆ ಕಾಂದಿವಲಿಯ ಕಾರ್ಖಾನೆಗೆ ನಡೆದು ಹೋಗುವ ಭಾಗ್ಯ. ನಾನು ಓದಿದ್ದನ್ನೆಲ್ಲ ರಟ್ಟಿನ ಚೀಟಿಗಳಲ್ಲಿ ಬರೆದಿಟ್ಟಿದ್ದೆ. ಅವನ್ನು ಹಾಲ್‌ನ ನೆಲದ ಮೇಲೆ ಪ್ರಶ್ನೆಗೊಂದು ಗುಂಪಾಗಿ ಹರವಿದೆ. ಯಾವ ವಯಸ್ಸಿಗೆ ಶುರು ಮಾಡಬೇಕು ಎಂಬವರು ಕಿಟಕಿಯ ಹತ್ತಿರ. ಬರೆದು ಕಲಿಸಬೇಕೋ ಬಾಯಿಂದಲೋ ಎಂಬವರು ಕಪಾಟಿನ ಕೆಳಗೆ. ಎಲ್ಲ ಮಕ್ಕಳಿಗೂ ಹಾಡಲು ಬರುತ್ತದೆಯೆ ಎಂಬವರು ಅಡುಗೆಮನೆಯ ಹೊಸ್ತಿಲಿಗೆ. ನಿಮ್ಮ ಭಾವ ನೀರು ಕುಡಿಯಲು ಹೋಗಬೇಕಾದರೆ ಮೂವರು ಪಂಡಿತರನ್ನು ದಾಟಬೇಕಿತ್ತು. 'ಇವರೆಲ್ಲ ಎಂದು ಏಳತಾರ?' ಎಂದು ಕೇಳಿದರು.

ಇಪ್ಪತ್ತೈದು ಚೀಟಿಗೆ ಜಾಗ ಸಿಕ್ಕಿತು. ಮಾಸ್ತರ ಚೀಟಿ ಕೈಯಲ್ಲೇ ಉಳಿಯಿತು. ಗುರುಗಳನ್ನು ನೆಲದ ಮೇಲೆ ಇಡುವುದು ಹೇಗೆ? ಮೇಜಿನ ಮೇಲೆ ಇಟ್ಟೆ.

ಇಂದ್ರಾಬಾಯಿ ಬಿಡುವವರೇ? ಮೂರನೆಯ ಸಲ ಬರೆದದ್ದು ನೋಡಿ, ಪರವಾಗಿಲ್ಲ ಎಂದು ಮರಾಠಿಯಲ್ಲಿ ಹೇಳಿ, ನಿಮ್ಮ ಮಾಸ್ತರ ನೀಲಿ ರಟ್ಟಿನ ಪುಸ್ತಕ ಎಲ್ಲಿ ಹೋಯಿತು ಎಂದು ಕೇಳಿದರು. ಮೊದಲನೆಯದರಲ್ಲಿ ತಲೆಯ ಮೇಲಿತ್ತು, ಈಗ ಕಾಲ ಕೆಳಗೂ ಇಲ್ಲ. ಅದು ಮನೆಯ ಪುಸ್ತಕ, ಇದರಲ್ಲಿ ತರಬಾರದು ಎಂದೆ. ಕನ್ನಡದಲ್ಲಿ ಮಕ್ಕಳಿಗೆ ಹಾಡು ಕಲಿಸುವ ಬಗ್ಗೆ ನಿಮ್ಮ ಕೈಗೆ ಸಿಕ್ಕಿದ್ದು ಅದೊಂದೇ, ಅದನ್ನು ಬಿಟ್ಟರೆ ಅಧ್ಯಾಯ ನನಗೆ ಬೇಡ ಎಂದರು. ನಾನು ಗುರುವಿನ ಮಾತನ್ನು ಜರಡಿ ಹಿಡಿಯುವುದು ನಮ್ಮಲ್ಲಿ ಪದ್ಧತಿಯಿಲ್ಲ ಎಂದು ಏನೋ ತೊದಲಿದೆ. ಆಗ ಅವರು ಹೇಳಿದ್ದು ಇದು:

"ಹಾರಾ ಹಾಕಾಕ ಓದಬೇಕಂತಿಲ್ಲ. ವಾದಾ ಮಾಡಾಕ ಓದಬೇಕಾಗತದ. ನಿಮ್ಮ ಮಾಸ್ತರನ್ನ ನೀವು ಖರೇ ಓದೀರೇನು?"

ಓದಲು ಕೂತೆ, ವಿನಿ. ಇಪ್ಪತ್ತಮೂರು ವರ್ಷದ ಮೇಲೆ. ಇಂಗ್ಲಿಷಿನ ಕ್ರಮದಂತೆ ಪೂಜ್ಯ ಇಲ್ಲ, ಮಾಸ್ತರು ಇಲ್ಲ, ಬರೀ 'ಸಿದ್ದಲಿಂಗಪ್ಪ', ಮುಂದೆ ಇಸವಿ. ಒಂದೊಂದು ಸಲ ಬರೆದಾಗಲೂ ಕೈ ಕಿವಿಗೆ ಹೋಯಿತು. ಗುರುವಿನ ಹೆಸರೆತ್ತಿದರೆ ಕಿವಿ ಮುಟ್ಟಿಕೊಳ್ಳುವುದು ನಮಗೆ ನಾಲ್ಕನೆಯ ವರ್ಷದಿಂದ ಬಂದ ರೂಢಿ. ಸಂಜೆ ನಿಮ್ಮ ಭಾವ, ನಿನ್ನ ಕಿವಿಗೆ ಮಸಿ ಹತ್ತಿದೆ ಎಂದರು.

ಮೊದಲ ಮೂರು ಪಾಠ ಎಷ್ಟು ಚೆನ್ನಾಗಿವೆ ಎಂದು ನನಗೆ ಆಗ ಗೊತ್ತಾಯಿತು. ಬಾಯಿಪಾಠವಾಗಿದ್ದರಿಂದ ಇಷ್ಟು ದಿನ ಓದಿರಲಿಲ್ಲ. ಮಕ್ಕಳಿಗೆ ಮೊದಲು ಕೇಳಲು ಕಲಿಸು, ಆಮೇಲೆ ಹಾಡಲು ಎಂದು ಅವರು ೧೯೫೧ರಲ್ಲಿ ಬರೆದದ್ದನ್ನು ಪರದೇಶದವರು ಹತ್ತು ವರ್ಷ ಬಿಟ್ಟು ದೊಡ್ಡ ಪುಸ್ತಕ ಮಾಡಿದ್ದಾರೆ. ಇದನ್ನು ಹೆಮ್ಮೆಯಿಂದ ಬರೆದೆ. ಇಂದ್ರಾಬಾಯಿಯೂ ಕೆಂಪು ಪೆನ್ಸಿಲ್ ಎತ್ತಲಿಲ್ಲ.

ಆಮೇಲೆ ನಾಲ್ಕನೆಯ ಪಾಠ. ನಿನಗೆ ಬಾಯಲ್ಲೇ ಇರಬೇಕು, ಆದರೂ ಬರೆಯುತ್ತೇನೆ: 'ಎಂಟು ದಿನ ಕಲಿಸಿದರೂ ಗುರುವಿನ ಷಡ್ಜಕ್ಕೆ ದನಿ ಕೂಡದ ಮಗುವನ್ನು ಹಿಂದೆ ಕೂಡಿಸಿ ತಾಳ ಹಾಕಿಸುವುದು. ಅದರಿಂದ ಉಳಿದವರ ದನಿ ಕೆಡುವುದಿಲ್ಲ, ಆ ಮಗುವಿಗೂ ಬೇಸರವಾಗುವುದಿಲ್ಲ.'

ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಗುಂಪಿನಲ್ಲಿ ಅಮೆರಿಕದ ಒಬ್ಬ ಸಂಶೋಧಕಿ ಇದ್ದರು, ನಾನು ಸಾಹೇಬರು ಎಂದಿದ್ದೆನಲ್ಲ, ಅವರು. ದನಿಯಿಲ್ಲ ಎಂದು ಶಾಲೆಗಳು ಬಿಟ್ಟ ಮಕ್ಕಳನ್ನೇ ಆರಿಸಿ ಅವರು ಹಾಡಿಸಿದ್ದಾರೆ. ಮಾಡಿದ್ದು ಇಷ್ಟೇ, ಎಲ್ಲ ಸ್ವರಕ್ಕೂ ತಳಹದಿಯಾದ ಗುರುವಿನ ಸಾ ಬಿಟ್ಟು ಮಗುವಿನ ಸಾ ಹುಡುಕಿದರು. ಸಾ ಕೆಳಗಿಳಿದರೆ ಬಹಳಷ್ಟು ಮಕ್ಕಳು ಸರಿಯಾಗಿಯೇ ಹಾಡಿದರಂತೆ. ಓದಿ ನಕ್ಕೆ. ಸಾ ಬದಲಿಸುವುದೆಂದರೇನು? ನಮ್ಮಲ್ಲಿ ಹಾರ್ಮೋನಿಯಂ ಪೇಟಿಯ ಎರಡನೆಯ ಕರಿ ಪಟ್ಟಿಯೇ ಸಾ. ಅದು ಮಾಸ್ತರದು, ಅವರಿಂದ ನನ್ನದು, ನನ್ನಿಂದ ದಹಿಸರದ ನನ್ನ ಮಕ್ಕಳದು. ಮನೆತನದ ಹೆಸರಿದ್ದಂತೆ. ಯಾರೂ ಕೇಳಿದ್ದಿಲ್ಲ, ಯಾರೂ ಸರಿಸಿದ್ದಿಲ್ಲ.

ಆದರೂ ಜುಲೈ ತಿಂಗಳ ಒಂದು ಶನಿವಾರ ಯಾರೂ ನೋಡದ ಹಾಗೆ ಪ್ರಯೋಗ ಮಾಡಿದೆ. ನನ್ನ ತರಗತಿಯಲ್ಲೂ ಹಿಂದೆ ಕೂತು ತಾಳ ಹಾಕುವ ಮಕ್ಕಳಿದ್ದಾರೆ. ನಾಲ್ಕನೆಯ ಪಾಠವನ್ನು ನಾನು ಬಹಳ ನಿಷ್ಠೆಯಿಂದ ಪಾಲಿಸಿದವಳು. ಅವರಲ್ಲಿ ಅಂಬವ್ವ ಎಂಬ ಹುಡುಗಿ, ವಿಜಾಪುರದ ಕಡೆಯವಳು. ಅಪ್ಪ ಅವ್ವ ಇಬ್ಬರೂ ಬಿಲ್ಡಿಂಗ್ ಕಟ್ಟುವ ಕೆಲಸದವರು. ಅವಳನ್ನು ಕರೆದು, ಪೇಟಿಯಲ್ಲಿ ನಾಲ್ಕು ಪಟ್ಟಿ ಕೆಳಗಿಳಿದು ಸಾ ಹಿಡಿದೆ. ಹುಡುಗಿ ಶಾಲೆಯ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಒಂದು ಕಡೆಯೂ ಜಾರಲಿಲ್ಲ. ಎರಡು ವರ್ಷ ನನ್ನ ಎದುರಿಗೆ ಬರೀ ಕೈ ಬಡಿದ ಹುಡುಗಿ. ಮೊದಲು ಯಾಕೆ ಹೀಗೆ ಹಾಡಲಿಲ್ಲ ಎಂದು ಕೇಳಿದೆ. ಅವಳು ನನ್ನನ್ನೇ ತಪ್ಪಿತಸ್ಥೆಯಂತೆ ನೋಡಿದಳು.

"ಇಷ್ಟ ದಿನಾ ನೀವು ಬಿಲ್ಡಿಂಗ್ ಮ್ಯಾಲ ನಿಂತ ಹಾಡತಿದ್ರಿ, ಅಕ್ಕೋರ. ಇವತ್ತ ಕೆಳಗ ಬಂದೀರಿ."

ಆ ದಿನ ಮನೆಗೆ ಹೋಗಿ ನಾನು ಎಣಿಸಲು ಹೋಗಲಿಲ್ಲ, ಹದಿನೇಳು ವರ್ಷದಲ್ಲಿ ಎಷ್ಟು ಮಕ್ಕಳು ಎಂದು. ಎಣಿಸಿದರೆ ಸೋಮವಾರ ಶಾಲೆಗೆ ಹೋಗಲು ಆಗುತ್ತಿರಲಿಲ್ಲ. ನನಗೆ ಕಂಡದ್ದು ಒಂದೇ ಮುಖ, ಅದು ದಹಿಸರದ್ದಲ್ಲ. ಧಾರವಾಡದ ನಿಮ್ಮ ಪಡಸಾಲೆಯಲ್ಲಿ, ಮಕ್ಕಳೆಲ್ಲರ ಹಿಂದೆ, ಗೋಡೆಗೆ ಒರಗದೆ ನೆಟ್ಟಗೆ ಕೂತು, ಹತ್ತು ವರ್ಷದ ಒಬ್ಬಳು ಎಡಗೈ ಮೇಲೆ ಬಲಗೈ ಬಡಿಯುತ್ತಿದ್ದಾಳೆ. ಮಾಸ್ತರ ಮಗಳು.

ಎರಡು ವರ್ಷದ ಹಿಂದೆ ನಾನು ಬಂದಾಗ ನೀನು ನಿನ್ನ ಮಗಳನ್ನು ಮಲಗಿಸುತ್ತಿದ್ದೆ, ನೆನಪಿದೆಯೆ? ಜೋಗುಳವಿಲ್ಲ. ಬೆನ್ನ ಮೇಲೆ ತೀನ್ ತಾಲ ತಟ್ಟುತ್ತಿದ್ದೆ, ಒಂದು ಮಾತ್ರೆ ಹೆಚ್ಚುಕಡಿಮೆಯಿಲ್ಲದೆ. ಮಗಳಿಗೆ ಒಂದು ಹಾಡು ಹೇಳಬಾರದೇ ಎಂದು ನಾನು ಚೇಷ್ಟೆ ಮಾಡಿದೆ. ನೀನು ನಗಲಿಲ್ಲ. "ಅಪ್ಪನ ಕಿವಿ ಸುಳ್ಳ ಹೇಳೂದಿಲ್ಲ ಶೀಲಕ್ಕ" ಎಂದೆ.

ವಿನಿ, ಅದು ಅಪ್ಪನ ಕಿವಿಯಲ್ಲ. ನನ್ನ ಕಿವಿ.

ಇದನ್ನು ಈಗ ಸರಿಯಾಗಿ ಬರೆಯುತ್ತೇನೆ. ಇಂದ್ರಾಬಾಯಿ ಹೇಳಿಕೊಟ್ಟ ಹಾಗೆ, ಯಾರು, ಯಾವಾಗ, ಏನು ಎಂದು. ೧೯೫೧ರ ಬೇಸಿಗೆಯಲ್ಲಿ ಮಾಸ್ತರು ನಾಟಕ ಕಂಪನಿಯ ಜೊತೆ ಪೇಟಿ ಬಾರಿಸಲು ಸೊಲ್ಲಾಪುರಕ್ಕೆ ಹೋದರು, ಎರಡು ತಿಂಗಳು. ಮಕ್ಕಳ ಪಾಠ ನನಗೆ ಒಪ್ಪಿಸಿದರು. ನನಗಾಗ ಇಪ್ಪತ್ತೆರಡು. ಪುಸ್ತಕದ ಹಸ್ತಪ್ರತಿಯನ್ನೂ ಒಪ್ಪಿಸಿದರು, ಅಚ್ಚುಕೂಟದವರು ಕಾಯುತ್ತಿದ್ದರು. ಮೂರು ಪಾಠ ಅವರು ಹೇಳಿದ್ದು, ನಾನು ಬರೆದುಕೊಂಡದ್ದು. ನಾಲ್ಕನೆಯದಕ್ಕೆ 'ದನಿ ಕೂಡದ ಮಕ್ಕಳಿಗೆ' ಎಂದು ತಲೆಬರಹ ಮಾತ್ರ ಇತ್ತು. ಸ್ಟೇಶನ್ನಿಗೆ ಹೊರಡುವಾಗ, ದಿನಾ ಮಕ್ಕಳ ಜೊತೆ ಇರುವವಳು ನೀನು, ನಾಲ್ಕನೆಯದನ್ನು ನೀನೇ ಬರೆದುಬಿಡು ಎಂದರು. ನಾನು ಒಂದು ಮಧ್ಯಾಹ್ನ ಕೂತು ಬರೆದೆ. ಎಂಟು ದಿನ ಎಂಬುದೂ ನನ್ನದು, ಹಿಂದೆ ಎಂಬುದೂ ನನ್ನದು, ಬೇಸರವಾಗುವುದಿಲ್ಲ ಎಂಬುದೂ ನನ್ನದು. ನಿನ್ನನ್ನು ಕೇಳಿ ಬರೆದದ್ದಲ್ಲ.

ಯಾಕೆಂದರೆ ಆ ವಾರವೇ ನಿನ್ನನ್ನು ಹಿಂದೆ ಕಳಿಸಿದ್ದೆ. ಎಂಟು ದಿನ ಕಾದೆ, ನಿನ್ನ ದನಿ ನಮ್ಮ ಸಾ ವರೆಗೆ ಏರಲಿಲ್ಲ. ನಮ್ಮ ಸಾ ನಿನಗೆ ಎತ್ತರವಾಯಿತು, ಇಳಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಮಾಸ್ತರು ಬಂದ ಮೇಲೆ ನಿನ್ನನ್ನು ಹಿಂದೆ ನೋಡಿ ನನ್ನ ಮುಖ ನೋಡಿದರು. "ದನಿ ಕೂಡವಲ್ದು ಮಾಸ್ತರ" ಎಂದೆ. ಅವರು ಮತ್ತೆ ಕೇಳಲಿಲ್ಲ. ನೀನು ಬೇರೆ ಯಾರದಾದರೂ ಮಗಳಾಗಿದ್ದರೆ ಒಂದು ಸಲ ಹಾಡಿಸಿ ನೋಡುತ್ತಿದ್ದರೋ ಏನೋ. ತನ್ನ ಮಗಳೆಂದು ಮುಂದೆ ಕೂಡಿಸಿದ ಎಂದು ಊರು ಅನ್ನಬಾರದು, ಅದೊಂದು ಅವರ ಹಟ. ಪುಸ್ತಕವೂ ಅಷ್ಟರಲ್ಲಿ ಅಚ್ಚಾಗಿ ಬಂದಿತ್ತು. ತಿರುವಿ ನೋಡಿ, ಛಲೋ ಆಗಿದೆ ಎಂದು ಬೆನ್ನು ತಟ್ಟಿದರು. ಹೀಗೆ ನನ್ನ ಮಾತು ಅವರ ಹೆಸರಿನಲ್ಲಿ ನಿಂತಿತು, ನೀನು ಅದರ ಹಿಂದೆ ನಿಂತೆ.

ಈಗ ನನ್ನ ಸಂಕಟ ನಿನಗೆ ತಿಳಿದಿರಬೇಕು. ಸಮೀಕ್ಷೆಯಲ್ಲಿ ನಾಲ್ಕನೆಯ ಪಾಠ ತಪ್ಪು ಎಂದು ಬರೆಯಲೇಬೇಕು. ನನ್ನ ಪ್ರಬಂಧದ ಜಾಗ ಅಲ್ಲಿಯೇ ಇದೆ, ಎಲ್ಲರೂ ಸುಮ್ಮನಾದ ಜಾಗ. ಆದರೆ 'ಸಿದ್ದಲಿಂಗಪ್ಪ ತಪ್ಪಿದ್ದಾರೆ' ಎಂದು ಬರೆದರೆ ಅದು ಸುಳ್ಳು. ತಪ್ಪಿದವಳು ಬರೆಯುವವಳೇ. ಹಾಗೆಯೇ ಬರೆಯುತ್ತೇನೆ ಎಂದು ಇಂದ್ರಾಬಾಯಿಗೆ ಹೇಳಿದೆ. ಅವರು ಕೆಂಪು ಪೆನ್ಸಿಲ್ ಕೆಳಗಿಟ್ಟರು. ಆಮೇಲೆ, ನಿಮಗೆ ಗೊತ್ತಿದೆ ಎಂಬುದು ಆಧಾರವಾಗುವುದಿಲ್ಲ, ಪುಸ್ತಕದ ಮೇಲೆ ಅವರ ಹೆಸರಿದೆ, ಅಚ್ಚಿನಲ್ಲಿ ಎಲ್ಲಿಯಾದರೂ ನಿಮ್ಮ ಹೆಸರಿದ್ದರೆ ತೋರಿಸಿ ಎಂದರು. ಎಲ್ಲಿಯೂ ಇಲ್ಲ.

ಅದೇ ವಾರ ನಿನ್ನ ಮೊದಲ ಪತ್ರ ಬಂತು. ಮುನ್ನುಡಿ ಬರೆ ಎಂದು.

ನೋಡು, ಎಂಥ ಪೇಚು. ಮುನ್ನುಡಿಯಲ್ಲಿ ನಿಜ ಬರೆದರೆ ಅದು ಅಚ್ಚಾಗುತ್ತದೆ, ಅಚ್ಚಾದರೆ ಅದೇ ಆಧಾರ. ಅಂದರೆ ನನ್ನ ಅಧ್ಯಾಯ ಉಳಿಯಬೇಕಾದರೆ ಮಾಸ್ತರ ಎಪ್ಪತ್ತೈದರ ಪುಸ್ತಕದ ಮೊದಲ ಹಾಳೆಯಲ್ಲಿ, ಇದರಲ್ಲಿ ಒಂದು ಪಾಠ ಇವರದಲ್ಲ, ಅದೂ ತಪ್ಪು ಪಾಠ ಎಂದು ಬರೆಯಬೇಕು. ಪುಸ್ತಕದಲ್ಲಿರುವುದೇ ನಾಲ್ಕು ಪಾಠ. ಅದರಲ್ಲಿ ಒಂದನ್ನು ಸಭೆಯ ಎದುರು ಕಿತ್ತುಕೊಂಡಂತೆ.

ಸುಮ್ಮನಿರುವ ದಾರಿಯೂ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಥೀಸಿಸ್‌ನಲ್ಲಿ ಮಾಸ್ತರ ಹೆಸರಿಗೇ ತಪ್ಪು ಹಾಕಿ, ಮುನ್ನುಡಿಯಲ್ಲಿ ಮಾಸ್ತರಿಗೇ ಹಾರ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಇಂಗ್ಲಿಷ್, ಇದು ಕನ್ನಡ. ಅದು ಮುಂಬಯಿಯ ಲೈಬ್ರರಿ, ಇದು ಧಾರವಾಡದ ಸಭೆ. ನನ್ನ ಥೀಸಿಸನ್ನು ಗೆದ್ದಲು ಬಿಟ್ಟರೆ ಇನ್ನಾರೂ ಪೂರ್ತಿ ಓದುವುದಿಲ್ಲ ಎಂದು ನಿಮ್ಮ ಭಾವ ಈಗಾಗಲೇ ಭರವಸೆ ಕೊಟ್ಟಿದ್ದಾರೆ. ಎರಡೂ ಬರೆದಿಟ್ಟುಕೊಂಡಿದ್ದೆ. ಎರಡೂ ಚೆನ್ನಾಗಿಯೇ ಇದ್ದವು. ಮುನ್ನುಡಿಯಲ್ಲಿ ಪ್ರಾಸ ಕೂಡ ಬಂದಿತ್ತು. ಅಂಚೆಗೆ ಹಾಕಲು ಹೋಗಿ ಎರಡು ಸಲ ವಾಪಸು ಬಂದೆ.

ಈಗ ಇದರ ಜೊತೆ ಇಟ್ಟಿರುವುದು ಬೇರೆ ಮುನ್ನುಡಿ. ಒಂದೂವರೆ ಹಾಳೆ. ಒಂದು ಹಾಳೆ ಮೊದಲ ಮೂರು ಪಾಠದ ಬಗ್ಗೆ. ಹೊಗಳಿಕೆ ಎನಿಸಿದರೂ ಒಂದೊಂದು ಸಾಲಿಗೂ ಪುಟದ ಸಂಖ್ಯೆ ಕೊಟ್ಟಿದ್ದೇನೆ, ಈ ಕಲೆ ಹೊಸದಾಗಿ ಕಲಿತದ್ದು. ಉಳಿದ ಅರ್ಧದಲ್ಲಿ ಹೀಗಿದೆ: 'ಈ ಪುಸ್ತಕದ ನಾಲ್ಕನೆಯ ಪಾಠ ಮಾಸ್ತರ ರಚನೆಯಲ್ಲ. ಅವರು ಊರಲ್ಲಿಲ್ಲದಾಗ ನಾನು ಬರೆದೆ. ಅದು ತಪ್ಪು. ಅದನ್ನು ನಂಬಿ ಯಾರಾದರೂ ಮಕ್ಕಳನ್ನು ಹಿಂದೆ ಕೂಡಿಸಿದ್ದರೆ ದಯವಿಟ್ಟು ಕರೆದು, ಸಾ ಇಳಿಸಿ, ಇನ್ನೊಮ್ಮೆ ಕೇಳಿರಿ.'

ಇದನ್ನು ಅಚ್ಚು ಹಾಕುವುದು ಬಿಡುವುದು ನಿನ್ನ ಕೈಯಲ್ಲಿದೆ. ಈ ತಿಂಗಳ ಮೂವತ್ತಕ್ಕೆ ನಾನು ಅಧ್ಯಾಯ ಒಪ್ಪಿಸಬೇಕು; ಎರಡು ಸಲ ಗಡುವು ಮುಂದೆ ಹೋಗಿದೆ, ಮೂರನೆಯ ಸಲ ಇಲ್ಲ. ಮುನ್ನುಡಿ ಬರುತ್ತದೆ ಎಂದು ನೀನು ಒಂದು ಕಾರ್ಡು ಹಾಕಿದರೆ ಅದನ್ನು 'ಅಚ್ಚಿನಲ್ಲಿದೆ' ಎಂದು ಆಧಾರವಾಗಿ ತೋರಿಸಬಹುದು ಎಂದಿದ್ದಾರೆ ಇಂದ್ರಾಬಾಯಿ. ನೀನು ಬೇಡವೆಂದರೆ ನಾಲ್ಕನೆಯ ಪಾಠದ ಪ್ರಸ್ತಾಪವನ್ನೇ ಕೈಬಿಡುತ್ತೇನೆ. ಅಧ್ಯಾಯ ಒಪ್ಪಿಗೆಯಾಗುವುದಿಲ್ಲ, ಡಾಕ್ಟರೇಟು ಅಲ್ಲಿಗೆ ನಿಲ್ಲುತ್ತದೆ. ನಿಲ್ಲಲಿ. ಮಾಸ್ತರ ಹೆಸರಿಗೆ ನನ್ನ ತಪ್ಪು ಹಚ್ಚಿ ನನ್ನ ಹೆಸರಿಗೆ ಡಾಕ್ಟರ್ ಹಚ್ಚಿಕೊಳ್ಳುವುದಿಲ್ಲ. ದಹಿಸರದ ಮಕ್ಕಳು ಹೇಗಿದ್ದರೂ ಅಕ್ಕೋರ ಎಂದೇ ಕರೆಯುತ್ತಾರೆ. ಅಲ್ಲಿ ಈಗ ಹಿಂದೆ ಯಾರೂ ಇಲ್ಲ. ಗದ್ದಲ ಜಾಸ್ತಿಯಾಗಿದೆ, ಪಕ್ಕದ ತರಗತಿಯವರು ತಕರಾರು ಮಾಡುತ್ತಿದ್ದಾರೆ.

ಕ್ಷಮೆ ಕೇಳಲು ಮೂರು ಸಲ ವಾಕ್ಯ ಕಟ್ಟಿದೆ, ಮೂರೂ ಸಲ ಅದು ಸತ್ಕಾರ ಸಮಾರಂಭದ ಹಾಗಾಯಿತು. ಬಿಟ್ಟೆ. ನಿನಗೆ ಸಿಟ್ಟು ಬಂದರೆ ಸಿಟ್ಟಿನಲ್ಲಿಯೇ ಬರೆ, ಮೆತ್ತಗೆ ಮಾಡಿ ಬರೆಯಬೇಡ. ಮಗಳಿಗೆ ಮುತ್ತು. ಮಾಸ್ತರಿಗೆ ನಮಸ್ಕಾರ, ಇದೊಂದನ್ನು ಮಾತ್ರ ಇವತ್ತೇ ಹೇಳು.

ನಿನ್ನ ಉತ್ತರದ ದಾರಿ ನೋಡುವ,
ಶೀಲಕ್ಕ

ತಾ.ಕ.: ಪತ್ರವನ್ನು ಅಂಟಿಸಿ ಮತ್ತೆ ಒಡೆದೆ. ಮೇಲೆ 'ನನಗೆ ಗೊತ್ತಿರಲಿಲ್ಲ' ಎಂದು ಬರೆದಿದ್ದೇನೆ. ಅದಕ್ಕೂ ಆಧಾರವಿಲ್ಲ.

ನಾಲ್ಕನೆಯ ಪಾಠ ಬರೆದು ಮುಗಿಸಿ ನೀರು ಕುಡಿಯಲು ಒಳಗೆ ಬಂದೆ. ಹಿತ್ತಲ ಬಾಗಿಲಲ್ಲಿ ನೀನು ಒಬ್ಬಳೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಯಾರೂ ಇಲ್ಲವೆಂದು ಹಾಡುತ್ತಿದ್ದೆ. ನಾನು ಬೆಳಿಗ್ಗೆ ಹೇಳಿಕೊಟ್ಟದ್ದನ್ನೇ, ನಿನ್ನದೇ ಸಾ ಹಿಡಿದು, ನಮ್ಮದಕ್ಕಿಂತ ಬಹಳ ಕೆಳಗೆ. ಒಂದು ಸ್ವರವೂ ತಪ್ಪಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ಕೊನೆಯವರೆಗೂ ನಿಂತು ಕೇಳಿದೆ. ಆಗ ಕಚೇರಿಗಳಲ್ಲಿ ಮಾಸ್ತರ ಹಿಂದೆ ತಂಬೂರಿ ಹಿಡಿದು ಕೂಡುವವಳು ನಾನು. ಆ ಜಾಗ ಒಂದೇ ಇತ್ತು. ನೀರು ಕುಡಿಯದೆ ಹೊರಗೆ ಹೋದೆ. ಮರುದಿನ ಬೆಳಿಗ್ಗೆ ಹಾಳೆಗಳನ್ನು ಅಚ್ಚುಕೂಟಕ್ಕೆ ಕೊಟ್ಟೆ.

ಮುನ್ನುಡಿಯಲ್ಲಿ ಇದನ್ನು ಬರೆದಿಲ್ಲ. ನೀನು ಬರೆ ಎಂದರೆ ಬರೆಯುತ್ತೇನೆ.